ಬಾಡಿಗೆ ಮನೆಯಲ್ಲಿ ಚೆಲ್ಲಿದ ಆರತಿ ನೀರು

ಮೈಸೂರಿನಲ್ಲಿ ನಾನು ಮನೆ ಮಾಲೀಕಳು. ನಮ್ಮ ಮನೆಯ ಹಿಂದೆ ಎರಡು ಕೋಣೆಯ ಒಂದು ಔಟ್‌ಹೌಸ್ ಇದೆ. ಇಪ್ಪತ್ತೈದು ವರ್ಷಗಳಿಂದ ಅದನ್ನು ಬಾಡಿಗೆಗೆ ಕೊಡುತ್ತಾ ಬಂದಿದ್ದೇನೆ. ಯಾರಾದರೂ ಮನೆ ಖಾಲಿ ಮಾಡುವಾಗ ನಾನೇ ಹೋಗಿ ನಲ್ಲಿ ತಿರುಗಿಸಿ, ಕಿಟಕಿ ತೆಗೆದು ಹಾಕಿ ನೋಡುತ್ತಿದ್ದೆ. ಆಮೇಲೆ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ‘ಪೇಂಟಿಂಗಿಗೆ’ ಎಂದು ಹಿಡಿದು, ಉಳಿದದ್ದನ್ನು ಎಣಿಸಿ ಕೊಡುತ್ತಿದ್ದೆ. ನಾನು ಹೇಳಿದ್ದೇ ಲೆಕ್ಕ. ಅದರಲ್ಲಿ ತಪ್ಪೇನಾದರೂ ಇರಬಹುದು ಎಂದು ಒಂದು ದಿನವೂ ನನಗೆ ಅನ್ನಿಸಿರಲಿಲ್ಲ.

2023ರ ಏಪ್ರಿಲ್‌ನಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದೆ. ಲಂಡನ್ನಿನ ಪಶ್ಚಿಮಕ್ಕೆ ರೆಡಿಂಗ್ ಎಂಬ ಊರು. ಮಗಳು, ಅಳಿಯಂದಿರು, ಹನ್ನೊಂದು ವರ್ಷದ ಮೊಮ್ಮಗಳು, ಐದು ವರ್ಷದ ಮೊಮ್ಮಗ. ಅವರದೂ ಬಾಡಿಗೆ ಮನೆಯೇ. ಅಲ್ಲಿ ನಾನು ಮಾಲೀಕಳಲ್ಲ, ಬಾಡಿಗೆದಾರರ ಅಮ್ಮ. ಒಂದೇ ಬಾಗಿಲನ್ನು ಒಳಗಿನಿಂದ ನೋಡಿದಾಗ ಎಷ್ಟು ಬೇರೆಯಾಗಿ ಕಾಣುತ್ತದೆ ಎಂಬುದು ಆ ಆರು ತಿಂಗಳಲ್ಲಿ ನನಗೆ ತಿಳಿಯಿತು.

ಕೆಂಪು ಹೋಗಿ ಹಳದಿ ಬಂತು

ಮೇ ತಿಂಗಳಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಮಣೆ ಹಾಕಿ ಕೂರಿಸಿ ಆರತಿ ಎತ್ತಬೇಕೆಂದು ನನ್ನ ಆಸೆ. ಮೈಸೂರಿನಿಂದ ತಂದಿದ್ದ ಅರಿಶಿನಕ್ಕೆ ಎಲೆಯಡಿಕೆ ಡಬ್ಬಿಯ ಚೂರು ಸುಣ್ಣ ಬೆರೆಸಿ, ತಟ್ಟೆಯಲ್ಲಿ ಕೆಂಪನೆಯ ಆರತಿ ನೀರು ಮಾಡಿದೆ. ಆರತಿ ಮುಗಿಸಿ ತಿರುಗುವಾಗ ಮೊಮ್ಮಗ ಓಡಿ ಬಂದು ನನ್ನ ಕಾಲಿಗೆ ತೊಡರಿಕೊಂಡ. ಅರ್ಧ ತಟ್ಟೆ ನೀರು ಹಾಲಿನ ಕಾರ್ಪೆಟ್ ಮೇಲೆ!

ನಮ್ಮಲ್ಲಾಗಿದ್ದರೆ ರೆಡ್ ಆಕ್ಸೈಡ್ ನೆಲ, ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು. ಅಲ್ಲಿ ಗೋಡೆಯಿಂದ ಗೋಡೆಗೆ ಅಂಟಿಸಿದ ತಿಳಿ ಬೂದು ಬಣ್ಣದ ಕಾರ್ಪೆಟ್. ನಾನು ಗಾಬರಿಯಿಂದ ನಿಂಬೆಹಣ್ಣು ಕತ್ತರಿಸಿ ಉಜ್ಜಿದೆ. ಕೆಂಪೆಲ್ಲಾ ಹೋಯಿತು. ಆದರೆ ಅದರ ಜಾಗದಲ್ಲಿ ಅಂಗೈ ಅಗಲದ ಹಳದಿ ಕಲೆ ಬಂದು ಕೂತಿತು.

“ಅಜ್ಜಿ, ಅರಿಶಿನ ಒಂದು ಸೂಚಕ. ಸುಣ್ಣ ಪ್ರತ್ಯಾಮ್ಲ, ಅದಕ್ಕೇ ಕೆಂಪಾಗಿತ್ತು. ನೀವು ನಿಂಬೆಹುಳಿ ಹಾಕಿದಿರಲ್ಲ, ಅದು ಆಮ್ಲ. ಮತ್ತೆ ಹಳದಿ ಆಯ್ತು,” ಎಂದು ಮೊಮ್ಮಗಳು ವಿವರಿಸಿದಳು. ವಿಜ್ಞಾನ ಸರಿಯಾಗಿತ್ತು. ಕಲೆ ಮಾತ್ರ ಹೋಗಲಿಲ್ಲ.

ಫೋನಿನಲ್ಲಿ ಕೊಟ್ಟ ನೋಟಿಸ್

ಜೂನ್‌ನಲ್ಲಿ ಅಳಿಯಂದಿರಿಗೆ ಉತ್ತರದ ಲೀಡ್ಸ್ ನಗರದಲ್ಲಿ ಹೊಸ ಕೆಲಸ ಸಿಕ್ಕಿತು. ಮನೆ ಬಿಡಬೇಕು. ಅಲ್ಲಿ ಅನೇಕ ಮಾಲೀಕರು ತಮ್ಮ ಮನೆಯನ್ನು ಬಾಡಿಗೆ ಏಜೆನ್ಸಿಗೆ ಒಪ್ಪಿಸಿರುತ್ತಾರೆ. ಮೂರು ವರ್ಷವಾದರೂ ಮಗಳು ತನ್ನ ಮನೆ ಮಾಲೀಕರ ಮುಖವನ್ನೇ ನೋಡಿರಲಿಲ್ಲ! ಎಲ್ಲ ವ್ಯವಹಾರವೂ ಏಜೆನ್ಸಿಯ ಸಾಫ್ಟ್‌ವೇರ್ ಮೂಲಕ. ಬಾಡಿಗೆದಾರರಿಗೆ ಒಂದು ಲಾಗಿನ್, ಮಾಲೀಕರಿಗೆ ಒಂದು, ಏಜೆನ್ಸಿಯವರಿಗೆ ಒಂದು. ಮೂವರು ಮೂರು ಬಾಗಿಲಿನಿಂದ ಬಂದು ಒಂದೇ ಜಗಲಿಯಲ್ಲಿ ಕೂತ ಹಾಗೆ.

ಜೂನ್ 20ರ ಸಂಜೆ ಅಳಿಯಂದಿರು ಕಾಫಿ ಕುಡಿಯುತ್ತಲೇ ಫೋನಿನಲ್ಲಿ ನೋಟಿಸ್ ಕೊಟ್ಟರು. “ಒಂದು ತಿಂಗಳ ನೋಟಿಸ್ ಅತ್ತೆ, ಜುಲೈ 20ಕ್ಕೆ ಮುಗಿಯುತ್ತೆ,” ಎಂದರು. ಸಾಫ್ಟ್‌ವೇರ್ ಒಪ್ಪಲಿಲ್ಲ. ‘ಬಾಡಿಗೆ ಮುಗಿಯುವ ದಿನ: ಜುಲೈ 31’ ಎಂದು ತೋರಿಸಿತು. ಯಾಕೆ? ಅವರ ಬಾಡಿಗೆ ತಿಂಗಳು 1ನೇ ತಾರೀಖಿಗೆ ಶುರುವಾಗಿ ಕೊನೆಯ ತಾರೀಖಿಗೆ ಮುಗಿಯುವಂಥದ್ದು. ಮೊದಲ ವರ್ಷದ ಕರಾರು ಮುಗಿದು, ಆಮೇಲೆ ತಿಂಗಳಿಂದ ತಿಂಗಳಿಗೆ ನಡೆಯುತ್ತಿತ್ತು. ಅಂಥ ಬಾಡಿಗೆಗೆ ಕನಿಷ್ಠ ಒಂದು ತಿಂಗಳ ನೋಟಿಸ್ ಬೇಕು, ಮತ್ತು ಅದು ಬಾಡಿಗೆ ತಿಂಗಳ ಕೊನೆಗೆ ಮುಗಿಯಬೇಕು ಎಂಬುದು ಆಗಿನ ನಿಯಮ. ಜೂನ್ 30ಕ್ಕೆ ಹತ್ತೇ ದಿನ ಉಳಿದಿತ್ತು, ಸಾಲದು. ಮುಂದಿನ ಕೊನೆ ಎಂದರೆ ಜುಲೈ 31. (2025ರಲ್ಲಿ ಅಲ್ಲಿ ಹೊಸ ಕಾಯ್ದೆ ಆಗಿದೆ. ಅದರ ಪ್ರಕಾರ ಬಾಡಿಗೆದಾರರು ಎರಡು ತಿಂಗಳ ನೋಟಿಸ್ ಕೊಡಬೇಕು.)

ಮರುಗಳಿಗೆಯಲ್ಲೇ ತೆರೆಯ ಮೇಲೆ ಒಂದು ಪಟ್ಟಿ ಮೂಡಿತು. ಮನೆ ನೋಡಲು ಬರುವವರಿಗೆ ಒಪ್ಪುವ ಸಮಯ ಗುರುತಿಸಿ. ಮನೆ ಪರಿಶೀಲನೆಗೆ ದಿನ ಆರಿಸಿ. ಕೊನೆಯ ದಿನ ಗ್ಯಾಸ್, ಕರೆಂಟು, ನೀರಿನ ಮೀಟರಿನ ಫೋಟೊ ಹಾಕಿ. ಊರಿನ ಕೌನ್ಸಿಲ್ ತೆರಿಗೆ ಕಚೇರಿಗೆ ತಿಳಿಸಿ. ಹೊಸ ವಿಳಾಸ ಬರೆಯಿರಿ. ಬೀಗದ ಕೈಗಳನ್ನು ಎಣಿಸಿ ಒಪ್ಪಿಸಿ. ಒಂದೊಂದು ಮುಗಿದ ಹಾಗೆ ಅದರ ಮುಂದೆ ಹಸಿರು ಗುರುತು. ಮೊಮ್ಮಗನಿಗೆ ಅದೊಂದು ಆಟ. “ಇವತ್ತು ಎಷ್ಟು ಹಸಿರು?” ಎಂದು ದಿನವೂ ಕೇಳುತ್ತಿದ್ದ.

ಇಡುಗಂಟು ಯಾರ ಕೈಯಲ್ಲಿ?

ನನ್ನ ತಲೆಯಲ್ಲಿದ್ದದ್ದು ಹಸಿರು ಗುರುತಲ್ಲ, ಹಳದಿ ಕಲೆ. “ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ?” ಎಂದು ಮಗಳನ್ನು ಕೇಳಿದೆ.

ಮಕ್ಕಳೇ, ಇಲ್ಲೊಂದು ಲೆಕ್ಕವಿದೆ, ಪೆನ್ಸಿಲ್ ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ 2019ರ ಜೂನ್ 1ರಿಂದ ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಇಡುಗಂಟು ಕೇಳುವಂತಿಲ್ಲ. ಮಗಳ ಮನೆಯ ಬಾಡಿಗೆ ತಿಂಗಳಿಗೆ 1,300 ಪೌಂಡ್. ಹನ್ನೆರಡು ತಿಂಗಳಿಗೆ 15,600. ಅದನ್ನು 52 ವಾರಗಳಿಂದ ಭಾಗಿಸಿದರೆ ವಾರಕ್ಕೆ 300. ಐದು ವಾರಕ್ಕೆ 1,500 ಪೌಂಡ್. ಆಗಿನ ನಮ್ಮ ಹಣದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ.

“ಆ ದುಡ್ಡು ಮಾಲೀಕರ ಹತ್ತಿರ ಇಲ್ಲಮ್ಮ,” ಎಂದಳು ಮಗಳು. ನನಗೆ ಆಶ್ಚರ್ಯ. ಅಲ್ಲಿ 2007ರ ಏಪ್ರಿಲ್‌ನಿಂದ ಒಂದು ಕಟ್ಟಳೆಯಿದೆ. ಬಾಡಿಗೆದಾರರು ಕೊಟ್ಟ ಇಡುಗಂಟನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರಲ್ಲಿ ಭದ್ರ ಮಾಡಬೇಕು. ಈಗಿನ ನಿಯಮದಂತೆ ಹಣ ಕೈಗೆ ಬಂದ 30 ದಿನಗಳೊಳಗೆ ಆ ಕೆಲಸ ಆಗಬೇಕು. ಹಾಗೆ ಮಾಡದ ಮಾಲೀಕರು ಇಡುಗಂಟಿನ ಒಂದರಿಂದ ಮೂರು ಪಟ್ಟು ದಂಡವನ್ನು ಬಾಡಿಗೆದಾರರಿಗೇ ತೆರಬೇಕಾಗಬಹುದು. ಮಗಳ ಹಣ ಅಂಥ ಯೋಜನೆಯ ಖಾತೆಯಲ್ಲಿತ್ತು. ಇಬ್ಬರೂ ಒಪ್ಪಿದರೆ ಮಾತ್ರ ಅದು ಹೊರಗೆ ಬರುವುದು. ಒಪ್ಪದಿದ್ದರೆ ಯೋಜನೆಯವರೇ ಎರಡೂ ಕಡೆಯ ದಾಖಲೆ ನೋಡಿ, ಯಾರಿಂದಲೂ ಶುಲ್ಕ ಪಡೆಯದೆ ತೀರ್ಮಾನ ಹೇಳುತ್ತಾರೆ. ಹಾಳಾಗಿದೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು. ಏಕೆಂದರೆ ಆ ಹಣ ಕೊನೆಯವರೆಗೂ ಬಾಡಿಗೆದಾರರದೇ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಇಬ್ಬರ ನಡುವಿನ ಗಂಟನ್ನು ನಂಬಿಕಸ್ಥ ಹಿರಿಯರೊಬ್ಬರ ಕೈಯಲ್ಲಿ ಇಡುತ್ತಿದ್ದರಲ್ಲ, ಹಾಗೆ. ಮೈಸೂರಿನ ನನ್ನ ಬೀರುವಿನಲ್ಲಿ ಕೂತಿರುತ್ತಿದ್ದ ಅಡ್ವಾನ್ಸ್ ನೆನಪಾಯಿತು. ಅದು ‘ಅವರದು’ ಎಂದು ನಾನು ಯಾವತ್ತಾದರೂ ಅಂದುಕೊಂಡಿದ್ದೆನೆ?

ಸೋಫಾ ಸರಿಸುವ ಉಪಾಯ

ಜುಲೈ ಕೊನೆಯ ವಾರ. ಸಾಮಾನು ಕಟ್ಟುವ ಗಡಿಬಿಡಿ. ಹಾಲಿನ ಸೋಫಾ ಮನೆಯ ಜೊತೆಗೇ ಬಂದದ್ದು, ಅಲ್ಲೇ ಉಳಿಯುವಂಥದ್ದು. ನಾನು ಮೊಮ್ಮಗಳನ್ನು ಮೆಲ್ಲಗೆ ಕರೆದೆ. “ಪುಟ್ಟಿ, ಈ ಸೋಫಾನ ಒಂದು ಮೊಳ ಈ ಕಡೆ ಸರಿಸೋಣ. ಕಲೆ ಅಡಿಗೆ ಹೋಗುತ್ತೆ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಅಮ್ಮನ ಫೋನ್ ತಂದು ಒಂದು ಕಡತ ತೆಗೆದಳು. 2020ರ ಆಗಸ್ಟ್‌ನಲ್ಲಿ ಅವರು ಮನೆಗೆ ಬಂದ ದಿನ ತಯಾರಾದ ವರದಿ. ಕೋಣೆ ಕೋಣೆಯದೂ ಫೋಟೊ. ಪ್ರತಿ ಫೋಟೊದ ಮೇಲೆ ತಾರೀಖು. ಹಾಲಿನ ಚಿತ್ರದಲ್ಲಿ ಸೋಫಾ ಕಿಟಕಿಯ ಕೆಳಗೇ ಇತ್ತು, ಕಾರ್ಪೆಟ್ ಶುಭ್ರವಾಗಿತ್ತು.

“ಸೋಫಾ ಎಲ್ಲಿತ್ತು ಅಂತಲೂ ಇದರಲ್ಲಿದೆ ಅಜ್ಜಿ,” ಎಂದಳು. ಸ್ವಲ್ಪ ತಡೆದು, “ಫೋಟೊ ಇಲ್ಲದಿದ್ದರೂ ಸರಿಸೋದು ಬೇಡ ಅಲ್ವಾ?” ಎಂದು ಕೇಳಿದಳು.

ನನಗೆ ನಾಚಿಕೆಯಾಯಿತು. ಅಡುಗೆಮನೆಗೆ ಹೋಗಿ ಒಲೆ ಉಜ್ಜತೊಡಗಿದೆ. ಆ ರಾತ್ರಿ ಮಗಳು ಕಲೆಯ ಫೋಟೊ ತೆಗೆದು, ‘ಮೇ ತಿಂಗಳಲ್ಲಿ ನಮ್ಮಿಂದ ಆದದ್ದು’ ಎಂದು ತಾನೇ ಬರೆದು ಸಾಫ್ಟ್‌ವೇರಿಗೆ ಸೇರಿಸಿದಳು.

ಇನ್ನೊಂದು ಕೆಲಸ ಉಳಿದಿತ್ತು. ಮೂರು ವರ್ಷದಿಂದ ಮಕ್ಕಳ ಎತ್ತರವನ್ನು ಮಲಗುವ ಕೋಣೆಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದರು. ಅದನ್ನು ಅಳಿಸಬೇಕು. ಮೊಮ್ಮಗ ಅಳುತ್ತಾ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಮೊಮ್ಮಗಳು ಉಡುಗೊರೆ ಸುತ್ತುವ ಉದ್ದನೆಯ ಕಾಗದ ತಂದು ಗೋಡೆಗೆ ಹಿಡಿದು, ಒಂದೊಂದು ಗೆರೆಯನ್ನೂ ತಾರೀಖಿನ ಸಮೇತ ಅದಕ್ಕೆ ಇಳಿಸಿಕೊಂಡಳು. ಆಮೇಲೆ ತಮ್ಮನ ಕೈಗೇ ರಬ್ಬರ್ ಕೊಟ್ಟಳು.

ಮೊದಲು ಮತ್ತು ಈಗ

ಜುಲೈ 31ರ ಬೆಳಿಗ್ಗೆ ಪರಿಶೀಲನೆಯ ಹೆಣ್ಣುಮಗಳು ಟ್ಯಾಬ್ಲೆಟ್ ಹಿಡಿದು ಬಂದಳು. ಬೈಯಲಿಲ್ಲ, ನಗಲೂ ಇಲ್ಲ. ಒಲೆಯ ಬಾಗಿಲು, ನಲ್ಲಿ, ಹೊಗೆ ಪತ್ತೆಯ ಗಂಟೆ, ಪರದೆಯ ಕೊಂಡಿ ಎಲ್ಲದರ ಫೋಟೊ ತೆಗೆದಳು. ಮೀಟರ್ ಅಂಕಿ ಬರೆದುಕೊಂಡಳು. ನಾಲ್ಕು ಬೀಗದ ಕೈ ಎಣಿಸಿ ತೆಗೆದುಕೊಂಡು ಹೋದಳು. ನಾವು ಲೀಡ್ಸ್ ದಾರಿ ಹಿಡಿದೆವು.

ನಾಲ್ಕು ದಿನದ ಮೇಲೆ ವರದಿ ಬಂತು. ಎಡಗಡೆ 2020ರ ಚಿತ್ರ, ಬಲಗಡೆ 2023ರ ಚಿತ್ರ. ಕೆಳಗೆ ಏಜೆನ್ಸಿ ಹಿಡಿಯಬೇಕೆಂದ ಹಣ:

ಹಾಲಿನ ಕಾರ್ಪೆಟ್ ಬದಲಿಸಲು 480 ಪೌಂಡ್.
ಚಿಕ್ಕ ಕೋಣೆಯ ಕಾರ್ಪೆಟ್‌ನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತಿಗೆ 250.
ಗೋಡೆಗಳಿಗೆ ಬಣ್ಣ 90.
ಒಲೆ ಶುಚಿ ಮಾಡಲು 55.

ಒಟ್ಟು 875 ಪೌಂಡ್. ಅಂದರೆ 1,500ರಲ್ಲಿ ಕೈಗೆ ಬರುವುದು 625. ಹೊಸ ಮನೆಗೆ ಇಡುಗಂಟು ಕಟ್ಟಿ ಕೈ ಬರಿದಾಗಿತ್ತು. ಅಳಿಯಂದಿರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಇನ್ನಷ್ಟು ಸಂಕಟವಾಯಿತು. “ಅರ್ಧಕ್ಕರ್ಧ ನನ್ನ ಆರತಿ ತಟ್ಟೆಯಿಂದ,” ಎಂದುಕೊಂಡು ರಾತ್ರಿಯೆಲ್ಲಾ ಮಗ್ಗುಲು ಬದಲಿಸಿದೆ.

ಬೆಳಿಗ್ಗೆ ಮಗಳು ಕಾಗದ ಪೆನ್ನು ಹಿಡಿದು ಕೂತಳು. ಒಂದೊಂದು ಸಾಲಿನ ಮುಂದೆಯೂ ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’ ಎಂಬ ಎರಡು ಗುಂಡಿ. ಒಪ್ಪದಿದ್ದರೆ ಕಾರಣ ಬರೆಯಬೇಕು, ಸಾಕ್ಷಿ ಕೊಡಬೇಕು.

ಒಲೆ? ಮೂರು ವರ್ಷದ ಒಗ್ಗರಣೆ ಜಿಡ್ಡು. ನಾನು ಉಜ್ಜಿದ್ದು ಸಾಲದು. ಒಪ್ಪಿಕೊಂಡಳು.

ಇಸ್ತ್ರಿ ಗುರುತು? ಅದು ಅವರು ಬರುವ ಮೊದಲೇ ಇತ್ತು. ಬಂದ ದಿನದ ವರದಿಯಲ್ಲಿ ಅದು ಬಿಟ್ಟುಹೋಗಿತ್ತು. ಆದರೆ ವರದಿ ಪರಿಶೀಲಿಸಿ ಏಳು ದಿನದೊಳಗೆ ತಿಳಿಸಿ ಎಂದಿದ್ದಾಗ, ಮಗಳು ಮೂರನೆಯ ದಿನವೇ ಆ ಗುರುತಿನ ಫೋಟೊ ಕಳಿಸಿದ್ದಳು. ಸಾಫ್ಟ್‌ವೇರಿನ ಹಳೆಯ ಸಂದೇಶಗಳಲ್ಲಿ ಹುಡುಕಿದರೆ ತಾರೀಖು, ಗಂಟೆ ಸಮೇತ ಅಲ್ಲೇ ಇತ್ತು! ಏಜೆನ್ಸಿಯ ಹೊಸ ಗುಮಾಸ್ತರು ನೋಡಿರಲಿಲ್ಲ, ಅಷ್ಟೇ. ಆ ಸಾಲು ಅವತ್ತೇ ರದ್ದಾಯಿತು.

ಗೋಡೆ? ಬಣ್ಣ ಹೊಡೆದು ನಾಲ್ಕು ವರ್ಷವಾಗಿತ್ತು. ಮನೆಯೆಂದ ಮೇಲೆ ಜನ ಬದುಕುತ್ತಾರೆ, ಗೋಡೆಗೆ ಕೈ ತಾಗುತ್ತದೆ, ಬಿಸಿಲಿಗೆ ಬಣ್ಣ ಮಾಸುತ್ತದೆ. ಇಂಥ ಸಹಜ ಸವಕಳಿಗೆ ಬಾಡಿಗೆದಾರರಿಂದ ಹಣ ಹಿಡಿಯುವಂತಿಲ್ಲ. ಆ ಸಾಲನ್ನೂ ಕೈಬಿಟ್ಟರು.

ಉಳಿದದ್ದು ನನ್ನ ಕಲೆ. ನಮ್ಮದೇ ತಪ್ಪು, ಅದರಲ್ಲಿ ವಾದವಿಲ್ಲ. ಆದರೆ ಹಳೆಯ ಕಾರ್ಪೆಟ್ ಹಾಳು ಮಾಡಿದವರು ಹೊಸ ಕಾರ್ಪೆಟ್ ಕೊಡಿಸಬೇಕೆ? ಅಲ್ಲಿನ ತೀರ್ಪುಗಳಲ್ಲಿ ಇದಕ್ಕೊಂದು ಸರಳ ಲೆಕ್ಕ ಬಳಸುತ್ತಾರೆ. ಮೊಮ್ಮಗಳೇ ಬಿಡಿಸಿದಳು. ಕಾರ್ಪೆಟ್ ಹಾಸಿದ್ದು 2017ರಲ್ಲಿ, ರಸೀದಿ ಏಜೆನ್ಸಿಯ ಬಳಿಯೇ ಇತ್ತು. ಅಂಥ ಕಾರ್ಪೆಟ್ ಸುಮಾರು ಎಂಟು ವರ್ಷ ಬಾಳುತ್ತದೆ ಎಂದು ಎರಡೂ ಕಡೆಯವರು ಒಪ್ಪಿದರು. 480ನ್ನು ಎಂಟರಿಂದ ಭಾಗಿಸಿದರೆ ವರ್ಷಕ್ಕೆ 60. ಆರು ವರ್ಷ ಆಗಲೇ ಬಳಸಿ ಆಗಿದೆ. ಮಾಲೀಕರು ಕಳೆದುಕೊಂಡದ್ದು ಉಳಿದ ಎರಡು ವರ್ಷದ ಬಾಳಿಕೆ. ಎರಡು ಅರವತ್ತಲೆ ನೂರಾ ಇಪ್ಪತ್ತು.

ಕೊನೆಗೆ ಹಿಡಿದದ್ದು 120 ಮತ್ತು 55, ಒಟ್ಟು 175 ಪೌಂಡ್. ಎರಡೂ ಕಡೆ ‘ಒಪ್ಪುತ್ತೇನೆ’ ಒತ್ತಿದ ಮೇಲೆ ಹತ್ತು ದಿನದೊಳಗೆ ಹಣ ಕೊಡಬೇಕೆಂಬುದು ನಿಯಮ. ಐದನೆಯ ದಿನ 1,325 ಪೌಂಡ್ ಮಗಳ ಖಾತೆಗೆ ಬಂತು. ಮೊಮ್ಮಗ ಕೊನೆಯ ಹಸಿರು ಗುರುತು ನೋಡಿ ಚಪ್ಪಾಳೆ ತಟ್ಟಿದ.

ನನ್ನ ಕೈಚೀಲದಿಂದ ಆ 120 ಪೌಂಡ್ ಕೊಡಲು ಹೋದೆ. “ಹುಟ್ಟುಹಬ್ಬದ ಖರ್ಚು ಅತ್ತೆ,” ಎಂದು ಅಳಿಯಂದಿರು ನಕ್ಕರು.

ಬಿರುಕು ಬಿಟ್ಟ ಸಿಂಕ್

ಅಕ್ಟೋಬರ್‌ನಲ್ಲಿ ಮೈಸೂರಿಗೆ ಮರಳಿದೆ. ಔಟ್‌ಹೌಸ್ ಖಾಲಿಯಿತ್ತು. ಬೀಗ ತೆಗೆದು ಒಳಗೆ ಹೋದವಳ ಕಣ್ಣು ಅಡುಗೆಮನೆಯ ಸಿಂಕಿನ ಮೇಲೆ ನಿಂತಿತು.

ನಾಲ್ಕು ವರ್ಷದ ಹಿಂದೆ ಅಲ್ಲಿ ಶಾಲಾ ಶಿಕ್ಷಕಿಯೊಬ್ಬರ ಸಂಸಾರವಿತ್ತು. ಅವರು ಮನೆ ಬಿಟ್ಟಾಗ ಸಿಂಕಿನಲ್ಲಿ ಬಿರುಕು ಕಂಡು, ಪೇಂಟಿಂಗಿನ ಹಣದ ಜೊತೆ ಇನ್ನೂ 2,400 ರೂಪಾಯಿ ಹಿಡಿದಿದ್ದೆ. “ನಾವು ಬಂದಾಗಲೇ ಇತ್ತು ಅನ್ಸುತ್ತೆ ಅಮ್ಮ,” ಎಂದಿದ್ದರು ಆಕೆ. “ಇರಲಿಲ್ಲ,” ಎಂದಿದ್ದೆ ನಾನು. ಆಕೆ ಮುಂದೆ ಮಾತಾಡಲಿಲ್ಲ. ಆ ಸಿಂಕನ್ನು ನಾನು ಬದಲಿಸಲೂ ಇಲ್ಲ.

ಆ ಬಿರುಕು ಮೊದಲೇ ಇತ್ತೆ? ಈಗ ಪ್ರಾಮಾಣಿಕವಾಗಿ ಯೋಚಿಸಿದರೆ ನನಗೆ ಗೊತ್ತಿಲ್ಲ. ಆಗಲೂ ಗೊತ್ತಿರಲಿಲ್ಲ. ದುಡ್ಡು ನನ್ನ ಬೀರುವಿನಲ್ಲಿತ್ತು, ಅದಕ್ಕೇ ನನ್ನ ಮಾತು ನಿಜವಾಗಿತ್ತು.

ಹಳೆಯ ಡೈರಿ ಹುಡುಕಿ ಫೋನ್ ಮಾಡಿದೆ. ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಆಕೆ, “ನಿಜ ಹೇಳ್ಬೇಕಂದ್ರೆ ನನಗೂ ನೆನಪಿಲ್ಲ ಅಮ್ಮ. ನಮ್ಮ ಕುಕ್ಕರ್ ಬಿದ್ದು ಆಗಿದ್ದರೂ ಆಗಿರಬಹುದು,” ಎಂದರು. ಪೂರ್ತಿ ಹಣ ಕಳಿಸುತ್ತೇನೆ ಎಂದರೆ ಒಪ್ಪಲಿಲ್ಲ. ಕೊನೆಗೆ 1,200 ತೆಗೆದುಕೊಂಡರು. ಗೊತ್ತಿಲ್ಲದ ಬಿರುಕನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡೆವು.

ನಮ್ಮಲ್ಲೂ ನಿಯಮಗಳ ಮಾತು ನಡೆದಿದೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದಿದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬೆಂಗಳೂರಿನಲ್ಲಿ ಮನೆ ಹಿಡಿದವರಿಗೆ ಇದು ಕನಸಿನಂತೆ ಕೇಳಿಸಬಹುದು. ನನ್ನ ಹತ್ತಿರವಂತೂ ಯಾವ ಸಾಫ್ಟ್‌ವೇರೂ ಇಲ್ಲ. ಇರುವುದು ಒಂದು ನೂರು ಪುಟದ ನೋಟ್‌ಬುಕ್ ಮತ್ತು ಒಂದು ಫೋನ್.

ನವೆಂಬರ್‌ನಲ್ಲಿ ಔಟ್‌ಹೌಸಿಗೆ ಹೊಸ ಸಂಸಾರ ಬಂತು. ಸಾಮಾನು ಇಳಿಸುವ ಮೊದಲು ನಾನು, ಆ ಹುಡುಗಿ ಇಬ್ಬರೂ ಕೋಣೆ ಕೋಣೆ ಸುತ್ತಿ ಫೋಟೊ ತೆಗೆದೆವು. ನಲ್ಲಿ ಎಷ್ಟು, ಫ್ಯಾನ್ ಎಷ್ಟು, ಬೀಗದ ಕೈ ಎಷ್ಟು, ಕರೆಂಟ್ ಮೀಟರಿನ ಅಂಕಿ ಎಷ್ಟು ಎಂದು ನೋಟ್‌ಬುಕ್‌ನಲ್ಲಿ ಬರೆದೆವು. ‘ಸಿಂಕ್: ಬಿರುಕು ಇದೆ, ಹಳೆಯದು’ ಎಂದು ನಾನೇ ಬರೆದೆ. ಇಬ್ಬರೂ ತಾರೀಖು ಹಾಕಿ ಸಹಿ ಮಾಡಿದೆವು. ಫೋಟೊಗಳು ಅವರ ಫೋನಿನಲ್ಲೂ ಇವೆ, ನನ್ನದರಲ್ಲೂ ಇವೆ.

ಬಾಗಿಲ ಹತ್ತಿರ ಬಂದಾಗ ಆ ಹುಡುಗಿಯ ನಾಲ್ಕು ವರ್ಷದ ಮಗ ಚೌಕಟ್ಟಿಗೆ ಒರಗಿ ನಿಂತಿದ್ದ. “ಗೋಡೆ ಮೇಲೆ ಗೀಚ್ತಾನೆ ಅಮ್ಮ, ಏನೂ ಅಂದ್ಕೋಬೇಡಿ,” ಎಂದಳು ಆಕೆ ಅಳುಕುತ್ತಾ.

ನಾನು ಒಳಗಿನಿಂದ ಪೆನ್ಸಿಲ್ ತಂದು, ಅವನ ತಲೆಯ ಮೇಲೆ ಚೌಕಟ್ಟಿಗೆ ಒಂದು ಗೆರೆ ಎಳೆದು ತಾರೀಖು ಬರೆದೆ. ನೋಟ್‌ಬುಕ್‌ನಲ್ಲಿ ಅದನ್ನೂ ಸೇರಿಸಿದೆ: ‘ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗುರುತು. ಮಾಲೀಕರು ಮಾಡಿದ್ದು.’